ಏಣಿ ಹಾಡಿನ ಬಡಿತ

ಕಡೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಕಾಂತರಾಜುವಿನ ಮನೆಯಲ್ಲಿ ಒಂದೇ ಹಾಡಿನ ಒಂಬತ್ತು ರೆಕಾರ್ಡುಗಳಿದ್ದವು. ಎಲ್ಲವುಗಳಲ್ಲೂ ಬಾರಿಸುವವರು ಅದೇ ಐದು ಜನ ಇಂಗ್ಲೆಂಡಿನವರು. ಎಲ್ಲವುಗಳ ಹೊದಿಕೆಯ ಮೇಲೂ ಬಯಲಿನಲ್ಲಿ ಯಾವ ಗೋಡೆಗೂ ಒರಗದೆ ನಿಂತ ಅದೇ ಒಂದು ಏಣಿ. ಹೊಸಬರು ಯಾರಾದರೂ ಮನೆಗೆ ಬಂದು, "ಇದ್ಯಾಕೆ ಒಂದೇ ಇಷ್ಟೊಂದು?" ಎಂದು ಬಾಯಿ ತೆರೆದರೆ ಅವನ ಹೆಂಡತಿ ಕಮಲಾಕ್ಷಮ್ಮ ಅಡುಗೆಮನೆಯಿಂದಲೇ, "ಕೇಳ್ಬ್ಯಾಡಿ ಕಣ್ರೀ, ಕೇಳಿದ್ರೆ ಹಾಕಿ ಕೂರಿಸ್ತಾರೆ" ಎಂದು ಎಚ್ಚರಿಸುತ್ತಿದ್ದಳು. ಅಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಕಾಂತರಾಜು ಆಗಲೇ ಎದ್ದು ಕೈ ತೊಳೆದುಕೊಂಡು ರೆಕಾರ್ಡನ್ನು ಎರಡು ಅಂಗೈಗಳ ನಡುವೆ ಹಿಡಿದಿರುತ್ತಿದ್ದ.

ಆ ಹಾಡಿನ ನಿಜವಾದ ಹೆಸರನ್ನು ಅವನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಆ ಮನೆಯಲ್ಲಿ ಬೇರೆ ಯಾರ ನಾಲಗೆಯೂ ಅದಕ್ಕೆ ಹೊರಳುವುದಿಲ್ಲ. ಕಮಲಾಕ್ಷಮ್ಮ ಅದನ್ನು ಏಣಿ ಹಾಡು ಎನ್ನುತ್ತಾಳೆ, ಅವನ ತಾಯಿ ಹನುಮಂತಮ್ಮನೂ ಹಾಗೇ ಎನ್ನುತ್ತಾಳೆ, ನಾವೂ ಹಾಗೇ ಅನ್ನೋಣ. ಈ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. ಪಲ್ಲವಿ, ಎರಡು ಚರಣ, ಮುಗೀತು ಎನ್ನುವ ಮಾತೇ ಇದರಲ್ಲಿಲ್ಲ. ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಒಂದೇ ಹಾಡು. ಕಡೂರಿನಲ್ಲಿ ಬಸ್ಸು ಹತ್ತಿ ಬೀರೂರಿನಲ್ಲಿ ಇಳಿದರೂ ಅವರಿನ್ನೂ ಬಾರಿಸುತ್ತಲೇ ಇರುತ್ತಾರೆ. ಐವತ್ತು ವರ್ಷದ ಹಿಂದಿನ ಇಂಥ ರೆಕಾರ್ಡುಗಳನ್ನು ಕಂಪನಿಗಳು ಮತ್ತೆ ಮತ್ತೆ ಹೊಸದಾಗಿ ಹೊರಗೆ ಬಿಡುತ್ತವೆ. ಹಳೆಯ ಟೇಪು ತೆಗೆದು, ಗೊರಗೊರ ಸದ್ದನ್ನೆಲ್ಲ ಸೋಸಿ, ದಪ್ಪನೆಯ ರೆಕಾರ್ಡು ಒತ್ತಿ, ಇಷ್ಟು ದಿನ ನೀವು ಕೇಳಿದ್ದು ಏನೂ ಅಲ್ಲ, ಈಗ ಕೇಳಿ ಎಂಬ ಅರ್ಥದ ಚೀಟಿಯೊಂದನ್ನು ಹೊದಿಕೆಗೆ ಅಂಟಿಸಿ ಮಾರುತ್ತವೆ. ಅದನ್ನು ನಂಬುವವರು ಲೋಕದ ತುಂಬ ಇದ್ದಾರೆ. ಕಡೂರಿನಲ್ಲಿ ಒಬ್ಬನಿದ್ದ.

ಹಾಗಂತ ಕಾಂತರಾಜು ಅಂಗಡಿಯವರ ಮಾತಿಗೆ ಮರುಳಾಗುವ ಆಸಾಮಿಯಲ್ಲ. ಸಂತೆಯಲ್ಲಿ ಬದನೆಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಇಡುವವನು. ಏಣಿ ಹಾಡಿನ ವಿಷಯದಲ್ಲಿ ಮಾತ್ರ ಅವನಿಗೊಂದು ಕಾರಣವಿತ್ತು. ಅವನು ಅದರೊಳಗೆ ಒಂದು ಬಡಿತವನ್ನು ಹುಡುಕುತ್ತಿದ್ದ. ಎರಡನೇ ಮಗ್ಗುಲಿನ ನಡುವೆ ಕೊಳಲು ಸುಮ್ಮನಾಗಿ, ಆರ್ಗನ್ ಒಂದೇ ಸ್ವರ ಹಿಡಿದು ನಿಲ್ಲುವ ಜಾಗವೊಂದಿದೆ. ಅಲ್ಲಿ, ಗೋಡೆಯೊಳಗಿನಿಂದ ಬಂದ ಹಾಗೆ, ಏಳೇಳರ ಎಣಿಕೆಯಲ್ಲಿ ಒಂದು ಬಡಿತ ಏಳುತ್ತಿತ್ತು. ಮೊದಲು ಅಂಜುತ್ತ ಅಂಜುತ್ತ, ಆಮೇಲೆ ಧೈರ್ಯ ಬಂದು, ಕೊನೆಗೆ ಆರ್ಗನ್ನನ್ನೇ ತನ್ನ ಹಿಂದೆ ಎಳೆದುಕೊಂಡು ಹೋಗುವಷ್ಟು ಜೋರಾಗಿ. ಇನ್ನೇನು ಮುಕ್ತಾಯಕ್ಕೆ ಬರಬೇಕು, ಎಣಿಕೆ ಐದಕ್ಕೆ ಬಂದಿರುತ್ತಿತ್ತು, ತಟ್ಟನೆ ನಿಂತುಬಿಡುತ್ತಿತ್ತು. ಆರೂ ಇಲ್ಲ, ಏಳೂ ಇಲ್ಲ. ಆರ್ಗನ್ ಒಂಟಿಯಾಗಿ ಉಳಿಯುತ್ತಿತ್ತು. ಹರೆಯದಲ್ಲಿ ಕ್ಯಾಸೆಟ್ಟಿನಲ್ಲಿ ಅವನು ಇದನ್ನು ನೂರಾರು ಸಲ ಕೇಳಿದ್ದ. "ಬಾರ್ಸೋದು ಯಾರ್ ಬೇಕಾದ್ರೂ ಬಾರಿಸ್ತಾರೆ ಕಣೋ, ಅಲ್ಲಿ ನಿಲ್ಸೋಕೆ ಎದೆ ಬೇಕು" ಎಂದು ಗೆಳೆಯ ತಿಮ್ಮೇಶನಿಗೆ ಹೇಳಿ ಹೇಳಿ ಬೇಸರ ಹಿಡಿಸಿದ್ದ. ಆದರೆ ಆಮೇಲೆ ಕೊಂಡ ಒಂದು ರೆಕಾರ್ಡಿನಲ್ಲೂ ಆ ಬಡಿತ ಇರಲಿಲ್ಲ. ಸಾಯುವುದರೊಳಗೆ ಅದನ್ನು ಇನ್ನೊಮ್ಮೆ ಕೇಳಬೇಕು ಎನ್ನುವುದು ಬಿಟ್ಟರೆ ಅವನಿಗೆ ಬೇರೆ ದೊಡ್ಡ ಆಸೆ ಇರಲಿಲ್ಲ.

ಏಣಿ ಹಾಡು ಅವನ ಬದುಕಿಗೆ ಬಂದದ್ದು ತರೀಕೆರೆಯಿಂದ. ಅವನ ಹುಟ್ಟೂರು ಶಿವನಿ. ತರೀಕೆರೆಯಲ್ಲಿ ಐಟಿಐ ಓದುವಾಗ ತಿಮ್ಮೇಶ ಜೊತೆಗಾರನಾದ. ತಿಮ್ಮೇಶನ ಸೋದರಮಾವ ಷಣ್ಮುಖಪ್ಪನಿಗೆ ಅಲ್ಲಿ ರೇಡಿಯೋ ರಿಪೇರಿ ಅಂಗಡಿ. ಕೆಮ್ಮಣ್ಣುಗುಂಡಿ ಕಡೆಯ ಕಾಫಿ ತೋಟದವರೊಬ್ಬರು ಒಂದು ಸಲ ರೆಕಾರ್ಡ್ ಪ್ಲೇಯರ್ ರಿಪೇರಿಗೆ ಕೊಟ್ಟು, ಹಾಕಿ ನೋಡೋಕೆ ಇರಲಿ ಎಂದು ಒಂದು ರೆಕಾರ್ಡನ್ನೂ ಬಿಟ್ಟುಹೋದರು. ಷಣ್ಮುಖಪ್ಪ ಇಡೀ ದಿನ ಒದ್ದಾಡಿ ರಿಪೇರಿ ಮುಗಿಸಿ, ಅದನ್ನು ಹಾಕಿ, ಸ್ವಲ್ಪ ಹೊತ್ತು ಕೇಳಿ, "ಇದಿನ್ನೂ ರಿಪೇರಿ ಆಗಿಲ್ಲ ಕಣ್ರಲಾ" ಎಂದು ಮತ್ತೆ ಬಿಚ್ಚಲು ಹೊರಟ. ಹುಡುಗರಿಬ್ಬರೂ ಕಲ್ಲಿನ ಹಾಗೆ ನಿಂತುಬಿಟ್ಟಿದ್ದರು. ಭಾನುವಾರದ ಮಟ್ಟಿಗೆ ಆ ಪೆಟ್ಟಿಗೆಯನ್ನೂ ರೆಕಾರ್ಡನ್ನೂ ಮಾವನಿಗೆ ಗೊತ್ತಾಗದ ಹಾಗೆ ಶಿವನಿಗೆ ಸಾಗಿಸಿ ಕ್ಯಾಸೆಟ್ಟಿಗೆ ತುಂಬಿಕೊಳ್ಳುವುದು ಎಂದು ಪಿತೂರಿಯಾಯಿತು. ಶಿವನಿಯೇ ಯಾಕೆಂದರೆ ಟೇಪ್ ರೆಕಾರ್ಡರ್ ಇದ್ದದ್ದು ಅಲ್ಲಿ, ಕಾಂತರಾಜುವಿನ ಕೇರಿಯ ಸಂಘದಲ್ಲಿ.

ಆ ಸಂಘದ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಾಂತರಾಜುವಿನ ಅಪ್ಪ ಲಕ್ಷ್ಮಣಪ್ಪ ತಮಟೆ ಬಡಿಯುವವನು. ಸುತ್ತಲ ಊರುಗಳಲ್ಲಿ ಸಾವಾದರೆ ಮೊದಲು ಆಳು ಬರುತ್ತಿದ್ದದ್ದು ಅವನ ಬಾಗಿಲಿಗೆ. ಹೆಣದ ಮುಂದೆ ಸುಡುಗಾಡಿನವರೆಗೂ ಬಡಿಯಬೇಕು, ಆಮೇಲೆ ಅಂಗಳದ ಆಚೆ ನಿಂತು ಟವೆಲ್ಲು ಒಡ್ಡಿ ರಾಗಿ ಹಾಕಿಸಿಕೊಳ್ಳಬೇಕು. ಮೈಯಲ್ಲಿ ಜ್ವರವಿದ್ದರೂ ಹೋಗಲೇಬೇಕು. ಬರುವುದಿಲ್ಲ ಎಂದವನ ಬೆನ್ನು ಉಳಿಯುತ್ತಿರಲಿಲ್ಲ. ಕೇರಿಯ ಹುಡುಗರು ಸಂಘ ಕಟ್ಟಿದರು, ಬಾಬಾಸಾಹೇಬರ ಫೋಟೋ ಇಟ್ಟರು, ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿದರು, ಇನ್ನು ಯಾರ ಹೆಣದ ಮುಂದೆಯೂ ತಮಟೆ ಇಲ್ಲ ಎಂದು ತೀರ್ಮಾನ ಮಾಡಿದರು. ಮುಂದಾಳು ಕಾಂತರಾಜುವೇ. ಒಂದು ಬೆಳಗ್ಗೆ ಕೇರಿಯ ತಮಟೆಗಳನ್ನೆಲ್ಲ ತರಿಸಿ ಬೆಂಕಿ ಹಾಕಿದರು. ಲಕ್ಷ್ಮಣಪ್ಪ ತನ್ನದನ್ನು ತಾನೇ ತಂದ. ಬೆಂಕಿಗೆ ಹಾಕುವ ಮುಂಚೆ, ಅಷ್ಟು ವರ್ಷದ ಅಭ್ಯಾಸ ನೋಡಿ, ಅದನ್ನು ಉರಿಯ ಮುಂದೆ ಹಿಡಿದು ಕಾಯಿಸಿದ. ಬೆರಳಿನಿಂದ ತಟ್ಟಿ ಹದ ನೋಡಿದ. ಆಮೇಲೆ ಹಾಕಿದ. "ಆಯ್ತು ಕಣಪ್ಪ, ನೀವು ಓದ್ದೋರು" ಎಂದು ಮನೆ ಕಡೆ ನಡೆದ.

ಹುಡುಗರು ಮಾಡಿದ್ದು ತಪ್ಪು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅದು ಸರಿಯಾದ ಕೆಲಸ, ಎಷ್ಟೋ ತಲೆಮಾರು ತಡವಾಗಿ ಆದ ಕೆಲಸ. ಆದರೆ ತಮಟೆ ಸುಟ್ಟರೆ ಬೆರಳು ಸುಡುತ್ತದೆಯೇ? ಲಕ್ಷ್ಮಣಪ್ಪನ ಬೆರಳುಗಳು ಊಟದ ತಟ್ಟೆಯ ಅಂಚಿನ ಮೇಲೆ, ಮೊಣಕಾಲ ಮೇಲೆ, ಬಸ್ಸಿನ ಸೀಟಿನ ಕಂಬಿಯ ಮೇಲೆ ತಮ್ಮಷ್ಟಕ್ಕೆ ತಾವು ಕುಣಿಯುತ್ತಿದ್ದವು. ಯಾರಾದರೂ ನೋಡಿ, ಇವರು ಮತ್ತೆ ಶುರು ಹಚ್ಚಿಕೊಂಡರು ಎಂದಾರು ಎಂದು ಕಾಂತರಾಜುವಿಗೆ ಮೈಯೆಲ್ಲ ಮುಳ್ಳು. "ಅಪ್ಪಾ, ಸುಮ್ಕಿರು" ಎನ್ನುತ್ತಿದ್ದ. ಲಕ್ಷ್ಮಣಪ್ಪ ತಕ್ಷಣ ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡುಬಿಡುತ್ತಿದ್ದ. ಆ ವರ್ಷಗಳಲ್ಲಿ ಈ ಮಾತನ್ನು ಮಗ ಎಷ್ಟು ಸಲ ಹೇಳಿರಬಹುದು ಎಂಬುದಕ್ಕೆ ಲೆಕ್ಕವಿಲ್ಲ.

ಆ ಭಾನುವಾರ ಹುಡುಗರಿಬ್ಬರೂ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಶಿವನಿಗೆ ತಂದರು. ಸಂಘದ ಟೇಪ್ ರೆಕಾರ್ಡರ್ ಇರುತ್ತಿದ್ದದ್ದು ಮುಂದಾಳು ಕಾಂತರಾಜುವಿನ ಮನೆಯಲ್ಲೇ. ಅಲ್ಲಿ ಇದ್ದದ್ದೇ ಒಂದು ಬಲ್ಬು. ಅದನ್ನು ಬಿಚ್ಚಿ ಹೋಲ್ಡರಿನಿಂದ ವೈರು ಎಳೆದರು. ಒಂದು ಯಂತ್ರದಿಂದ ಇನ್ನೊಂದಕ್ಕೆ ವೈರು ಕೊಡುವ ವ್ಯವಸ್ಥೆ ಅವರ ಬಳಿ ಎಲ್ಲಿತ್ತು? ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಹಾಗೆ ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದರು. ಸ್ಪೀಕರು ಹಾಡಿದ್ದೂ ಕ್ಯಾಸೆಟ್ಟಿಗೆ, ಕಾಗೆ ಕೂಗಿದ್ದೂ ಕ್ಯಾಸೆಟ್ಟಿಗೆ. ಹಾಗಾಗಿ ಬಾಗಿಲು ಹಾಕಿ, ಒಳಗೆ ತಿಮ್ಮೇಶ ಒಬ್ಬನೇ ರೆಕಾರ್ಡಿನ ಮೇಲೆ ಓಡುವ ಮುಳ್ಳು ನೋಡಿಕೊಂಡು ಕೂರುವುದು, ಹೊರಗೆ ಕಾಂತರಾಜು ಕೋಳಿಗಳನ್ನೂ ಕೇರಿಯ ಮಕ್ಕಳನ್ನೂ ಓಡಿಸುತ್ತ ಕಾವಲು ನಿಲ್ಲುವುದು ಎಂದು ಮಾತಾಯಿತು. ಹನುಮಂತಮ್ಮ ಜಗಲಿಯ ಮೇಲೆ ಸದ್ದಾಗದಂತೆ ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಲಕ್ಷ್ಮಣಪ್ಪ ಮುಚ್ಚಿದ ಕದಕ್ಕೆ ಬೆನ್ನು ಕೊಟ್ಟು ಕೂತಿದ್ದ. ತನಗಿಷ್ಟವಾದ ಹಾಡನ್ನು ತಾನೇ ಕೇಳದೆ ಕೋಳಿ ಕಾಯ್ದ ಕಾಂತರಾಜು, ಸಂಜೆ ಕ್ಯಾಸೆಟ್ಟು ಹಾಕಿದಾಗ ಮೊದಲ ಸಲ ಆ ಬಡಿತ ಕೇಳಿ ಹುಚ್ಚನಂತಾದ.

ಮುಂದೆ ಆ ಕ್ಯಾಸೆಟ್ಟು ಮನೆಯಲ್ಲಿ ಓಡದ ಸಂಜೆಯಿಲ್ಲ. ಅದನ್ನು ಹಾಕಿದಾಗಲೆಲ್ಲ ಲಕ್ಷ್ಮಣಪ್ಪ ಎಲ್ಲಿದ್ದರೂ ಬಂದು ಹೊಸ್ತಿಲ ಬಳಿ ಕೂರುತ್ತಿದ್ದ. ಬಡಿತದ ಜಾಗ ಬರುವವರೆಗೂ ತಲೆ ತಗ್ಗಿಸಿ ಕೇಳುತ್ತಿದ್ದ. ಅದು ನಿಂತ ಮೇಲೆ ಎದ್ದು ಹೋಗುತ್ತಿದ್ದ. ಹಾಡಿನ ಉಳಿದ ಭಾಗ ಅವನಿಗೆ ಬೇಕಿರಲಿಲ್ಲ. ಮಗನಿಗೆ ಇದರಿಂದ ಎಲ್ಲಿಲ್ಲದ ಹೆಮ್ಮೆ. "ನಮ್ಮಪ್ಪ ಓದಿಲ್ಲ ಬರೆದಿಲ್ಲ, ಆದ್ರೂ ಇಂಗ್ಲೆಂಡಿನ ಲಯ ಹಿಡೀತಾನೆ ನೋಡು" ಎಂದು ತಿಮ್ಮೇಶನ ಮುಂದೆ ಬೀಗುತ್ತಿದ್ದ. ಹನುಮಂತಮ್ಮ ಮಗನ ಮುಖ ನೋಡುತ್ತಿದ್ದಳು, ಗಂಡನ ಮುಖ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಡಿಪೋದಲ್ಲಿ ಕೆಲಸ ಸಿಕ್ಕಿತು. ಕಡೂರಿನಲ್ಲಿ ಮನೆ, ಮದುವೆ, ಮಗಳು ಪ್ರಜ್ಞಾ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಕಾಂತರಾಜು ಒಳ್ಳೆಯ ಪ್ಲೇಯರನ್ನೂ ಏಣಿ ಹಾಡಿನ ಹೊಸ ರೆಕಾರ್ಡನ್ನೂ ತರಿಸಲು ಹಣ ಕಟ್ಟಿದ. ಇನ್ನು ಈ ಗೊರಗೊರ ಕ್ಯಾಸೆಟ್ಟುಗಳು ಯಾತಕ್ಕೆ? ಎಲ್ಲವನ್ನೂ ಚೀಲಕ್ಕೆ ತುಂಬಿ ಶಿವನಿಗೆ ಒಯ್ದ. ಹೊಲದಲ್ಲಿ ಸೂರ್ಯಕಾಂತಿಗೆ ಗಿಳಿಗಳ ಕಾಟ. ಕ್ಯಾಸೆಟ್ಟಿನ ರೀಲು ಬಿಚ್ಚಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರೆ ಗಾಳಿಗೆ ಗುಂಯ್‌ಗುಡುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಬರುವುದಿಲ್ಲ. ನಮ್ಮ ಕಡೆ ಹಳೆಯ ಕ್ಯಾಸೆಟ್ಟುಗಳು ಹೋಗಿ ಸೇರುತ್ತಿದ್ದದ್ದೇ ಹೊಲಕ್ಕೆ.

ಲಕ್ಷ್ಮಣಪ್ಪ ಚೀಲದೊಳಗೆ ಕೈ ಹಾಕಿ ನೋಡಿ, "ಎಲ್ಲಾನೂವಾ?" ಎಂದ.

"ಎಲ್ಲಾನೂ."

"ಆ ಏಣಿ ಹಾಡೂ?"

"ಅದೂನೂ ಕಣಪ್ಪ. ಒರಿಜಿನಲ್ ಬರ್ತೈತೆ, ಇದಕ್ಕಿಂತ ನೂರು ಪಾಲು ಚೆನ್ನಾಗಿರ್ತೈತೆ. ಬಂದ್ಮೇಲೆ ನಿಂಗೂ ಕೇಳಿಸ್ತೀನಿ."

ಲಕ್ಷ್ಮಣಪ್ಪ ಚೀಲದ ಬಾಯಿ ಮುಚ್ಚಿ ಹೆಗಲಿಗೆ ಹಾಕಿಕೊಂಡ. ಮಾರನೇ ವರ್ಷ ಅವನು ತೀರಿಕೊಂಡ. ಕೇರಿಯವರೆಲ್ಲ ಸೇರಿ ಮೇಣದಬತ್ತಿ ಹಚ್ಚಿ, ಬುದ್ಧವಂದನೆ ಹೇಳಿ, ಮೌನವಾಗಿ ಮಣ್ಣು ಮಾಡಿದರು. ಜೀವನವಿಡೀ ಊರಿನ ಹೆಣಗಳ ಮುಂದೆ ಬಡಿದವನು ಸದ್ದಿಲ್ಲದೆ ಹೋದ. ಕಾಂತರಾಜು ಹನುಮಂತಮ್ಮನನ್ನು ಕಡೂರಿಗೆ ಕರೆತಂದ.

ಅಪ್ಪ ಹೋದ ಮೇಲೆ ಬಂದ ಹೊಸ ರೆಕಾರ್ಡಿನಲ್ಲಿ ಬಡಿತ ಇರಲಿಲ್ಲ. ಒತ್ತಿದವರು ಸರಿಯಿಲ್ಲ ಎಂದುಕೊಂಡ. ಇನ್ನೊಂದು ತರಿಸಿದ. ಅದರಲ್ಲೂ ಇಲ್ಲ. ಜಪಾನಿನವರು ಕೆಲಸದಲ್ಲಿ ನಿಯತ್ತಿನವರು ಎಂದು ಅಲ್ಲಿಂದ ತರಿಸಿದ. ಸದ್ದು ನಿಚ್ಚಳವಾಗಲೆಂದು ಅರ್ಧ ವೇಗದಲ್ಲಿ ಗೀರು ಕೊರೆದದ್ದು, ನಲವತ್ತನೇ ವರ್ಷದ ನೆನಪಿನದು, ಐವತ್ತನೇ ವರ್ಷದ್ದು ಎಂದು ಏನೇನು ಬಂತೋ ಎಲ್ಲ ತರಿಸಿದ. ಪ್ರತಿ ಸಲವೂ ಬಡಿತದ ಜಾಗ ಬಂದಾಗ ಉಸಿರು ಬಿಗಿ ಹಿಡಿದು ಮುಂದಕ್ಕೆ ಬಾಗುತ್ತಿದ್ದ, ಆರ್ಗನ್ ಒಂದೇ ಹಾಡಿಕೊಂಡು ದಾಟಿಹೋಗುತ್ತಿತ್ತು. ತರೀಕೆರೆಯ ಕಾಲೇಜಿನಲ್ಲಿ ಪಾಠ ಮಾಡುವ ಪ್ರಜ್ಞಾ ಒಮ್ಮೆ ಅಪ್ಪನ ಪರವಾಗಿ ಇಂಟರ್‌ನೆಟ್ಟಿನಲ್ಲಿ ಈ ರೆಕಾರ್ಡು ಕೂಡಿಡುವವರ ಗುಂಪಿಗೆ ಬರೆದು ಕೇಳಿದಳು. ಎಲ್ಲೆಲ್ಲಿಯವರೋ ಉತ್ತರ ಬರೆದರು. ಅಲ್ಲಿ ಯಾವ ಡ್ರಮ್ಮೂ ಇಲ್ಲ, ಎಂದೂ ಇರಲಿಲ್ಲ ಎಂದು ಎಲ್ಲರದೂ ಒಂದೇ ಮಾತು.

"ಅಪ್ಪಾ, ನಿಮ್ಮ ನೆನಪೇ ತಪ್ಪಿರ್ಬೋದಲ್ವಾ?" ಎಂದಳು ಮಗಳು.

"ಅವ್ರೆಲ್ಲ ಕಿವುಡ್ರು ಕಣಮ್ಮ" ಎಂದ ಕಾಂತರಾಜು. ಲೋಕವೆಲ್ಲ ಕಿವುಡು, ತಾನೊಬ್ಬನೇ ಕಿವಿಯಿದ್ದವನು! ಆ ಮನುಷ್ಯನ ಹಟ ಅಂಥದ್ದು.

ಹೋದ ವರ್ಷ ಹತ್ತನೆಯದು ಬಂತು. ಆ ಐದು ಜನ ಬಾರಿಸಿದ ಮೊಟ್ಟಮೊದಲ ಟೇಪುಗಳನ್ನೇ ಹೊರತೆಗೆದು, ಒಬ್ಬೊಬ್ಬರ ವಾದ್ಯವನ್ನೂ ಬಿಡಿಬಿಡಿಯಾಗಿ ಹರವಿ, ಮೊದಲಿನಿಂದ ಮತ್ತೆ ಕೂಡಿಸಿ ಮಾಡಿದ್ದಂತೆ. ಇದಕ್ಕಿಂತ ಆಚೆಗೆ ಹೋಗಲು ಏನೂ ಉಳಿದಿರಲಿಲ್ಲ. ಇದರಲ್ಲಿ ಇಲ್ಲದಿದ್ದರೆ ಎಲ್ಲಿಯೂ ಇಲ್ಲ. ಭಾನುವಾರ ಬೆಳಗ್ಗೆ ತಿಮ್ಮೇಶ ತರೀಕೆರೆಯಿಂದ ಬಂದ. ಕಮಲಾಕ್ಷಮ್ಮ ಉಪ್ಪಿಟ್ಟು ಮಾಡಿ ಕೊಟ್ಟು, "ಇವತ್ತಾದ್ರೂ ಸಿಕ್ಬಿಡ್ಲಿ ಕಣಣ್ಣ, ಈ ಮನ್ಷನ್ ಜೊತೆ ಏಗಿ ಸಾಕಾಯ್ತು" ಎಂದು ತಾನೂ ಬಂದು ಕೂತಳು. ಹನುಮಂತಮ್ಮ ತನ್ನ ಮೂಲೆಯ ಚಾಪೆಯ ಮೇಲೆ ಎಲೆಯಡಿಕೆ ಕುಟ್ಟಿಕೊಳ್ಳುತ್ತಿದ್ದಳು.

ಎರಡನೇ ಮಗ್ಗುಲು. ಕೊಳಲು ನಿಂತಿತು. ಆರ್ಗನ್ ಸ್ವರ ಹಿಡಿಯಿತು. ಕಾಂತರಾಜು ಕಣ್ಣು ಮುಚ್ಚಿದ. ಆರ್ಗನ್ ಎಂದಿಗಿಂತ ನಿಚ್ಚಳವಾಗಿ, ಬಾರಿಸುವವನ ಕಾಲಡಿಯ ಹಲಗೆ ಕಿರುಗುಟ್ಟಿದ್ದೂ ಕೇಳುವ ಹಾಗೆ, ಒಂದೇ ಹಾಡಿಕೊಂಡು ದಾಟಿಹೋಯಿತು. ಕಾಂತರಾಜುವಿನ ಮುಖ ನೋಡಲು ಹೆಂಡತಿಗೆ ಧೈರ್ಯ ಬರಲಿಲ್ಲ.

"ಇದ್ರಾಗೂ ನಿಮ್ಮಪ್ಪಂದು ಇಲ್ವಲ್ಲ ಮಗಾ" ಎಂದಳು ಹನುಮಂತಮ್ಮ, ಸಾರಿಗೆ ಉಪ್ಪಿಲ್ಲ ಎನ್ನುವಷ್ಟು ಸಹಜವಾಗಿ.

"ಏನು?"

"ನಿಮ್ಮಪ್ಪ ಬಡ್ದಿದ್ದು. ಆ ಕ್ಯಾಸೆಟ್ನಾಗೆ ಇತ್ತಲ್ಲ. ಬಾಗ್ಲು ಮ್ಯಾಲೆ ಬಡ್ದಿದ್ದು. ನೀನು ಇಷ್ಟೊಂದು ತಟ್ಟೆ ತರಿಸ್ದಾಗ್ಲೂ, ಅದೆಂಗ್ ಬರ್ತೈತೆ ಇದ್ರಾಗೆ ಅಂತ ನಾನು ಅಂದ್ಕಂಡಿದ್ದೆ. ಕಂಪ್ನಿಯೋರು ಅದ್ನೂ ಹಾಕ್ಕಂಡವ್ರೇನೋ, ನಮಗೇನ್ ಗೊತ್ತಾಗ್ತೈತೆ ಅಂತ ಸುಮ್ನಿದ್ದೆ."

ತಿಮ್ಮೇಶ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ನಾನು ಒಳಗೆ ಮುಳ್ಳೇ ನೋಡ್ತಾ ಇದ್ದೆ ಕಣೋ" ಎಂದ ಮೆಲ್ಲಗೆ. "ಕದದಿಂದ ಬರ್ತೈತೋ ಸ್ಪೀಕರ್‌ನಿಂದ ಬರ್ತೈತೋ ಅಂತ ನಂಗೂ ಗೊತ್ತಾಗ್ಲಿಲ್ಲ. ಹಾಡಿಗೆ ಅಂಗೆ ಕೂತ್ಕಂಡಿತ್ತು."

ಕಾಂತರಾಜುವಿಗೆ ಒಮ್ಮೆಲೇ ಎಲ್ಲವೂ ಅರ್ಥವಾಯಿತು, ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು. ಅಪ್ಪ ಹೊಸ್ತಿಲ ಬಳಿ ಬಂದು ಕೂರುತ್ತಿದ್ದದ್ದು ಇಂಗ್ಲೆಂಡಿನವರನ್ನು ಕೇಳಲಿಕ್ಕಲ್ಲ. ತನ್ನ ಕೈಯನ್ನು ತಾನೇ ಕೇಳಿಕೊಳ್ಳಲು ಬರುತ್ತಿದ್ದ. ಬಾಯಿ ಬಿಟ್ಟು ಹೇಳಿದರೆ ಮಗ ಅಳಿಸಿಹಾಕಿಬಿಟ್ಟಾನು ಎಂಬ ಭಯಕ್ಕೆ ಸುಮ್ಮನಿದ್ದ. ಲೋಕದ ಮಹಾ ಮಹಾ ಬಾರಿಸುಗಾರರನ್ನೆಲ್ಲ ಬಿಟ್ಟು ಒಂದು ಬಡಿತಕ್ಕೆ ತಾನು ಮನಸೋತಿದ್ದ, ಅದು ಅಪ್ಪನದು. ಅದನ್ನು ತಾನೇ ಗೊರಗೊರ ಎಂದು ಚೀಲಕ್ಕೆ ತುಂಬಿ ಗಿಳಿ ಓಡಿಸಲು ಕೊಟ್ಟಿದ್ದ.

ಅವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ತಿಮ್ಮೇಶ ಹಿಂದೆಯೇ ಓಡಿದ. ಬೀರೂರಿಗೆ ಹೋಗಿ ರೈಲು ಹಿಡಿದು ಶಿವನಿಯಲ್ಲಿ ಇಳಿದರು. ಹೊಲವನ್ನು ಈಗ ಕಾಂತರಾಜುವಿನ ಚಿಕ್ಕಪ್ಪನ ಮಗ ಬೀರಯ್ಯ ನೋಡಿಕೊಳ್ಳುತ್ತಾನೆ. ಈರುಳ್ಳಿ ಕಳೆ ಕೀಳಿಸುತ್ತಿದ್ದವನು ಬದುವಿನ ಮೇಲೆ ಬಂದು, ಇವರ ಮಾತು ಕೇಳಿ, ನಗಬೇಕೋ ಬೇಡವೋ ತಿಳಿಯದೆ ನಿಂತ.

"ಕ್ಯಾಸೆಟ್ ರೀಲಾ? ಅಣ್ಣಾ, ಅದೆಷ್ಟು ವರ್ಸದ್ ಮಾತು! ಆ ಬೆಳೆ ಕುಯ್ದು, ಗೂಟ ಕಿತ್ತು, ರೀಲೆಲ್ಲ ಕಸದ ಜೊತೆ ಸುಟ್ಟಾಕಿದ್ವಿ."

"ಒಂದೂ ಉಳ್ದಿಲ್ವೇನೋ? ಹಟ್ಟಿಯಾಗೆ, ಅಟ್ಟದ್ ಮ್ಯಾಲೆ?"

"ಎಲ್ಲೂ ಇಲ್ಲ ಕಣಣ್ಣ. ದೊಡ್ಡಪ್ಪನೇ ಎಲ್ಲಾ ಬಿಚ್ಚಿ ಕಟ್ಟಿದ್ದು. ನಾನ್ ಕಟ್ತೀನಿ ಕೊಡು ಅಂದ್ರೆ ಕೊಡ್ಲಿಲ್ಲ. ಗಾಳಿ ಬಂದಾಗ ಗುಂಯ್ ಅಂತಿತ್ತಲ್ಲ, ಇಲ್ಲೇ ಬದುವಿನ್ ಮ್ಯಾಲೆ ಕೂತ್ಕಂಡು ಕೇಳೋನು."

ಕಾಂತರಾಜು ಆ ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆದ. ಈರುಳ್ಳಿಯ ಸಾಲಿನ ನಡುವೆ ಬಗ್ಗಿ ಬಗ್ಗಿ ನೋಡಿದ. ಇಪ್ಪತ್ತು ವರ್ಷದ ಮೇಲೆ ಮಣ್ಣಿನಲ್ಲಿ ಏನು ಸಿಕ್ಕೀತು ಎಂದು ಅವನಿಗೂ ಗೊತ್ತಿತ್ತು. ಆದರೂ ನೋಡಿದ. ಕಳೆ ಕೀಳುವ ಹೆಂಗಸರು ಕೆಲಸ ನಿಲ್ಲಿಸಿ, ಇವರೇನು ಕಳಕೊಂಡಿದ್ದಾರೆ ಎಂದು ಬೀರಯ್ಯನನ್ನು ಕೇಳಿದರು. ಕೊನೆಗೆ ತಿಮ್ಮೇಶ ತೋಳು ಹಿಡಿದು, "ಬಾರೋ, ಸಾಕು" ಎಂದು ಸ್ಟೇಷನ್ನಿನ ಕಡೆ ಕರೆದುಕೊಂಡು ಹೋದ.

ಮನೆಗೆ ಬಂದಾಗ ಹನುಮಂತಮ್ಮ ಉಣ್ಣದೆ ಕಾದಿದ್ದಳು. ತಾನು ಆಡಬಾರದ ಮಾತು ಆಡಿದೆನೇನೋ ಎಂದು ಅವಳಿಗೆ ಕಳವಳ. ಕಾಂತರಾಜು ಅವಳ ಪಕ್ಕ ಚಾಪೆಯ ಮೇಲೆ ಕೂತ. ಕಳೆದುಕೊಂಡದ್ದು ಕಳೆದೇಹೋಯಿತು, ಅದರ ನೆನಪಾದರೂ ತನ್ನ ಕಿವಿಯಲ್ಲಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತಿದ್ದ. ಅಂಜಿಕೆಯಿಂದ ಶುರುವಾಗಿ, ಜೋರಾಗಿ, ಐದಕ್ಕೆ ನಿಂತುಬಿಡುವ ಅಪ್ಪನ ಬಡಿತ.

"ಅವ್ವಾ, ಅಪ್ಪ ಅದನ್ನ ಅಲ್ಲಿ ಯಾಕೆ ನಿಲ್ಲಿಸ್ದ? ಐದಕ್ಕೇ? ಅಂಗೆ ನಿಲ್ಸೋದು ಯಾರಿಗೂ ಹೊಳೀದಿಲ್ಲ ಕಣವ್ವ. ಅದೇ ನೋಡು ನಂಗೆ ಅದ್ರಾಗೆ ಎಲ್ಲಕ್ಕಿಂತ..."

"ಅವ್ನೆಲ್ಲಿ ನಿಲ್ಲಿಸ್ದ ಮಗಾ?" ಎಂದಳು ಹನುಮಂತಮ್ಮ. "ನೀನು ಕೋಳಿ ಓಡಿಸ್ಕಂಡು ಬಂದೋನು, ಸುಮ್ಕಿರು ಅಂತ ಸನ್ನೆ ಮಾಡಿ ಅವ್ನ ಕೈ ಹಿಡ್ಕಂಡ್ಬಿಟ್ಟೆ."

ಕಾಂತರಾಜು ನೆನಪು ಮಾಡಿಕೊಳ್ಳಲು ಹೆಣಗಿದ. ಆ ಅಂಗಳ, ಆ ಕೋಳಿ, ಆ ಬಿಸಿಲು ಎಲ್ಲ ನೆನಪಿಗೆ ಬಂತು. ಕೈ ಹಿಡಿದದ್ದು ಮಾತ್ರ ಬರಲಿಲ್ಲ. ಅಷ್ಟು ಸಲ ಹಿಡಿದಿದ್ದ ಕೈ, ಅದರಲ್ಲಿ ಯಾವ ಒಂದು ಸಲವನ್ನು ನೆನಪಿಡುವುದು? ಅವನಿಗೆ ಅಳು ಬಂತು. ತಾಯಿಯ ಮುಂದೆ, ಹೆಂಡತಿಯ ಮುಂದೆ, ತಿಮ್ಮೇಶನ ಮುಂದೆ ನಾಚಿಕೆಯಿಲ್ಲದೆ ಅತ್ತ.

"ಅಳ್ಬ್ಯಾಡ ಕಣಪ್ಪ. ಅವ್ನೇನ್ ಬ್ಯಾಸ್ರ ಮಾಡ್ಕಂಡಿರ್ಲಿಲ್ಲ" ಎಂದು ಹನುಮಂತಮ್ಮ ಅವನ ಬೆನ್ನು ಸವರಿದಳು. "ಆಮ್ಯಾಕೆ ಒಂದಿನ ನಂತಾವ ಹೇಳ್ದ. ಆ ತರೀಕೆರೆ ಹುಡ್ಗ ಇನ್ನೊಂದ್ಸಲ ಆ ಪೆಟ್ಗೆ ತಂದ್ರೆ ಅದನ್ನ ಪೂರ್ತಿ ಬಡ್ದು ಮುಗಿಸ್ಬಿಡ್ತೀನಿ, ಒಂದೇ ಸಲ, ಬಿಡ್ತಾನೇನೋ ಕೇಳು ಅಂದ. ನಾನು ನಿನ್ನ ಕೇಳ್ಲಿಲ್ಲ. ನಂಗೆ ಆಗ ನಿನ್ ಕಂಡ್ರೆ ಭಯ ಆಗೋದು." ಅವಳು ಬಗ್ಗಿ ಅವನ ಮುಖ ನೋಡಿದಳು. "ಕೇಳಿದ್ರೆ ಹೂಂ ಅಂತಿದ್ದಾ ಮಗಾ?"

"ಹೂಂ ಅಂತಿದ್ದೆ ಕಣವ್ವ" ಎಂದ ಕಾಂತರಾಜು. ಮುದುಕಿಯ ಮನಸ್ಸಿಗೆ ನೆಮ್ಮದಿಯಾಗಲಿ ಎಂದು ಹೇಳಿದ ಮಾತು ಅದು.

ಹನುಮಂತಮ್ಮನ ಕೈ ಅವನ ಬೆನ್ನಿನ ಮೇಲೆ ನಿಂತುಹೋಯಿತು. ಅವಳ ಮುಖ ಕುಗ್ಗಿತು. "ಅಯ್ಯೋ, ಹಂಗಾರೆ ನಾನೇ ಕೇಳ್ಬೇಕಿತ್ತು" ಎಂದಳು. "ಅವ್ನು ಅಷ್ಟು ಆಸೆ ಪಟ್ಟು ಹೇಳಿದ್ದ. ನಾನೇ ಕೇಳ್ದೆ ಬಿಟ್ಟೆ. ನಂದೇ ತಪ್ಪಾಗೋಯ್ತು." ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ಬಿಕ್ಕತೊಡಗಿದಳು.

ಕಾಂತರಾಜು ತಾಯಿಯ ಎರಡೂ ಕೈಯನ್ನು ಹಿಡಿದುಕೊಂಡ.

"ಇಲ್ಲ ಕಣವ್ವ. ಸುಳ್ಳು ಹೇಳ್ದೆ. ನೀನು ಕೇಳಿದ್ರೂ ನಾನು ಬ್ಯಾಡ ಅಂತಿದ್ದೆ."